ಹಿಂದಿನ ಪುಟಕ್ಕೆ ಬಿಡದವನು

ಹೋಗಬೇಕಾದ ಅಂಗಡಿ ನಾಲ್ಕು ಹೆಜ್ಜೆ ಹಿಂದೆ ಉಳಿದುಹೋಯಿತೆಂದು ಗೊತ್ತಾದರೂ ಅವನು ಹಿಂದಿರುಗುತ್ತಿರಲಿಲ್ಲ; ಮುಂದಿನ ತಿರುವಿನಲ್ಲಿ ಹೊರಳಿ, ಅದರಾಚೆಯದರಲ್ಲಿ ಮತ್ತೆ ಹೊರಳಿ, ಇಡೀ ಬೀದಿಗೆ ಪ್ರದಕ್ಷಿಣೆ ಹಾಕಿ, ದಿಗ್ವಿಜಯ ಮುಗಿಸಿ ಬಂದ ಅರಸನ ಗತ್ತಿನಲ್ಲಿ ಅಂಗಡಿಯೆದುರು ನಿಲ್ಲುತ್ತಿದ್ದ. ಅಷ್ಟರಲ್ಲಿ ಅಂಗಡಿಯವನು ಬಾಗಿಲೆಳೆದು ಹೋಗಿರುತ್ತಿದ್ದುದೂ ಉಂಟು. "ಆಯ್ತು, ಮುಂದೆ?" ಎಂದು ತನಗೆ ತಾನೇ ಹೇಳಿಕೊಂಡು ಹೊರಟುಬಿಡುತ್ತಿದ್ದ. ಕಚೇರಿಯಲ್ಲಿ ನಾವು ಅವನಿಗೆ ಒನ್‌ವೇ ಎಂದು ಹೆಸರಿಟ್ಟದ್ದು ಕುಚೋದ್ಯವಲ್ಲ, ಬರೀ ವರದಿ.

ಕೃಶಕಾಯ, ಕುತ್ತಿಗೆಯವರೆಗೆ ಜಿಪ್ಪೆಳೆದ ಬೂದುಬಣ್ಣದ ಜಾಕೆಟ್ಟು, ಕುರ್ಚಿಯಲ್ಲಿ ಕೂತಾಗಲೂ ಬೆನ್ನಿನಿಂದಿಳಿಯದ ಚೀಲ. ಆ ಚೀಲದ ದೆಸೆಯಿಂದ ಅವನಿಗೆ ಕುರ್ಚಿಯ ಅಂಚು ಮಾತ್ರ ದಕ್ಕುತ್ತಿತ್ತು. ಮೇಜಿನ ಕೆಳಗೆ ಅವನ ಬಲಗಾಲು ಸದಾ ಕುಣಿಯುತ್ತಿದ್ದುದರಿಂದ ಎದುರಿಗಿದ್ದ ನನ್ನ ಲೋಟದ ನೀರಿನಲ್ಲಿ ಅಲೆಗಳೇಳುತ್ತಲೇ ಇದ್ದವು. ಮದುವೆಯ ಆಲ್ಬಮ್ ನೋಡಲು ಕೂತರೆ, ತಾನು ಒಂದು ಪಟದಲ್ಲಿ ತನ್ನ ಸೋದರತ್ತೆಯನ್ನು ಗುರುತಿಸುವಷ್ಟರಲ್ಲಿ ಈತ ಹಾಳೆ ಮಗುಚಿರುತ್ತಾನೆಂದು ಅವನ ಹೆಂಡತಿ ದೂರುತ್ತಿದ್ದರು. ನನ್ನದೊಂದು ಕಾದಂಬರಿಯನ್ನು ಓದೆಂದು ಕೊಟ್ಟಿದ್ದೆ. ಓದಿ ಮುಗಿಸಿ, "ಮಧ್ಯದಲ್ಲೊಬ್ಬ ಮಾವ ಬಂದ ನೋಡಿ ಸಾರ್, ಯಾರ ಮಾವ ಅಂತ ಮರೆತುಹೋಯ್ತು. ಇರ್ಲಿ ಅಂತ ಮುಂದೆ ಹೋದೆ" ಎಂದ. ಪುಸ್ತಕ ಮುಗಿಸಿದ ಏಕೈಕ ಓದುಗ ಅವನೇ ಆದ್ದರಿಂದ ನನಗೆ ಮುನಿಸಿಕೊಳ್ಳಲಾಗಲಿಲ್ಲ.

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಜನ ಅರ್ಜಿ ತುಂಬುತ್ತಾರಲ್ಲ, ಅಲ್ಲಿ ಯಾವ ಪುಟದ ಬೆನ್ನಿಗೆ ಯಾವ ಪುಟ ಬರಬೇಕೆಂದು ದಾರಿ ಕಟ್ಟುವುದು ಅವನ ಕಸುಬು; ಆ ಪುಟಗಳ ಮೇಲಿನ ಮಾತು ಬರೆಯುವುದು ನನ್ನದು. 'ಏನೋ ತಪ್ಪಾಗಿದೆ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಎಂಬುದು ನನ್ನ ಸಮಗ್ರ ಸಾಹಿತ್ಯದಲ್ಲಿ ಅತ್ಯಧಿಕ ಓದುಗರನ್ನು ಗಳಿಸಿದ ಕೃತಿ. ಅವನ ಮಹಾಕೃತಿಯಾದರೋ ಕಣ್ಣಿಗೇ ಕಾಣದಂಥದು. ಪ್ರತಿ ಎರಡು ಪುಟಗಳ ನಡುವೆ ಅವನೊಂದು ಬರಿದಾದ ಪುಟವನ್ನಿಟ್ಟಿದ್ದ. ಬಂದವರನ್ನು ಮುಂದಕ್ಕೆ ತಳ್ಳುವುದಷ್ಟೇ ಅದರ ಧರ್ಮ. ಯಾರಾದರೂ ಹಿಂದಕ್ಕೆ ತೋರುವ ಬಾಣವನ್ನೊತ್ತಿದರೆ ಹೋಗಿ ಬೀಳುವುದು ಆ ಬರಿದಾದ ಪುಟಕ್ಕೆ. ಅದು ತಕ್ಷಣವೇ ಅವರ ಕತ್ತು ಹಿಡಿದು ಮತ್ತೆ ಮುಂದಕ್ಕೆ ದಬ್ಬುತ್ತಿತ್ತು. ಇದು ಬರೀ ಹಟವಲ್ಲ. ಹಿಂದೊಮ್ಮೆ ಯಾವುದೋ ಅರ್ಜಿಯಲ್ಲಿ ಜನ ಕಳಿಸಿದ ಮೇಲೂ ಹಿಂದಕ್ಕೆ ಹೋಗಿ ಮತ್ತೆ ಮತ್ತೆ ಕಳಿಸಿ, ಆ ಗೋಜಲನ್ನು ಬಿಡಿಸುವುದರಲ್ಲಿ ಅವನ ನಿದ್ದೆ ಹಾರಿಹೋಗಿತ್ತಂತೆ. "ಜನ ಹಿಂದೆ ಹೋಗ್ತಾರೆ ಸಾರ್, ಇನ್ನೊಂದ್ಸಲ ಒತ್ತುತಾರೆ, ಒಬ್ಬನೇ ಮನುಷ್ಯ ಇಬ್ಬರಾಗಿಬಿಡ್ತಾನೆ" ಎನ್ನುವಾಗ ಅವನ ದನಿಯಲ್ಲಿ ನಿಜವಾದ ಭಯವಿರುತ್ತಿತ್ತು.

ಅವನ ಅಕ್ಕ ಕಚೇರಿಗೆ ನುಗ್ಗಿ ಬಂದದ್ದು ನರ್ಸಿಂಗ್ ಶಾಲೆಯೊಂದಕ್ಕೆ ಅರ್ಜಿ ಹಾಕಲು ಕಡೆಯ ದಿನವಾಗಿದ್ದ ಮಧ್ಯಾಹ್ನ. ಆ ಅರ್ಜಿಯ ದಾರಿ ಕಟ್ಟಿದವನು ಇವನೇ. ಆಕೆ ಆಸ್ಪತ್ರೆಯೊಂದರ ಬಟ್ಟೆಕೋಣೆಯಲ್ಲಿ ಹಗಲೆಲ್ಲ ಹಾಸಿಗೆ ವಸ್ತ್ರಗಳಿಗೆ ಇಸ್ತ್ರಿ ಹಾಕುವವರು. ಆ ವಸ್ತ್ರಗಳ ಮೇಲೆ ಮಲಗುವವರನ್ನು ನೋಡಿಕೊಳ್ಳುವ ಆಸೆ ಬಹುಕಾಲದ್ದು. ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಕೆಲಸ ಬಿಡುವಂತಿರಲಿಲ್ಲವಾದ್ದರಿಂದ ಸಂಜೆಯ ತರಗತಿ ಸಿಕ್ಕರೆ ಓದು, ಹಗಲಿನದಾದರೆ ಆಸೆಗೆ ಅಲ್ಲಿಗೇ ಮಂಗಳ.

"ಲೋ, ಇದೇನೋ ಮಾಡಿಟ್ಟಿದೀಯ?" ಆಕೆ ಫೋನನ್ನು ತಮ್ಮನ ಮೂಗಿಗೆ ಹಿಡಿದರು. "ನನ್ನ ಬೆರಳು ಹಗಲಿನ ಮೇಲೆ ಬಿತ್ತೋ ಸಂಜೆ ಮೇಲೆ ಬಿತ್ತೋ ಗೊತ್ತಾಗ್ತಿಲ್ಲ. ನೋಡೋಣ ಅಂತ ಹಿಂದೆ ಹೋದ್ರೆ, ಅತ್ತೆ ಮನೆಯವರು ತವರಿಗೆ ಕಳಿಸದ ಹಾಗೆ ಎಳ್ಕೊಂಡ್ ಬಂದು ಇಲ್ಲೇ ನಿಲ್ಲಿಸ್ತದೆ!"

"ಸಂಜೆ ಮೇಲೇ ಬಿದ್ದಿರುತ್ತೆ, ಕಳಿಸಕ್ಕ. ಮುಂದೆ?"

"ಬಿದ್ದಿಲ್ದಿದ್ರೆ? ಮುಂದೆ ಅಂತೆ ಮುಂದೆ! ನಿಮ್ಮಪ್ಪ ಬಂದು ಓದ್ತಾನಾ?"

ಇಬ್ಬರ ಅಪ್ಪನೂ ಒಬ್ಬನೇ ಎಂಬುದನ್ನು ಆ ಹೊತ್ತಿನಲ್ಲಿ ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಹೊಸದಾಗಿ ತುಂಬೋಣವೆಂದರೆ ಒಂದು ಫೋನ್ ನಂಬರಿನಿಂದ ಅರ್ಜಿ ಶುರುಮಾಡಲು ಒಂದೇ ಅವಕಾಶ; ಆ ನಿಯಮವೂ ಇವನದೇ. ಒಳಗಿಂದ ತೆರೆದು ನೋಡೋಣವೆಂದರೆ, ಬರೆದವರ ಉತ್ತರಗಳನ್ನು ನಮ್ಮಲ್ಲಿ ಯಾರೂ ನೋಡಕೂಡದೆಂದು ಶಾಲೆಯವರ ಕರಾರು. ಒನ್‌ವೇ ಕಿಟಕಿಯವರೆಗೆ ನಡೆದ, ಬಾಗಿಲವರೆಗೆ ನಡೆದ, ನೀರಿನ ಯಂತ್ರದ ಮುಂದೆ ನಿಂತು ನೀರು ಕುಡಿಯದೆ ಬಂದ. ಕಡೆಗೆ, "ಅಕ್ಕ, ಜನ ಯಾಕೆ ಹಿಂದೆ ಹೋಗ್ತಾರೆ? ಒಂದ್ಸಲ ತಿದ್ದಿದ್ದನ್ನ ಮತ್ತೆ ಮತ್ತೆ ತಿದ್ದೋದಕ್ಕಲ್ವಾ?" ಎಂದು ಕೇಳಿದ. ಅದು ಜಗಳದ ಪ್ರಶ್ನೆಯಾಗಿರಲಿಲ್ಲ. ನಿಜಕ್ಕೂ ತಿಳಿಯದವನ ಪ್ರಶ್ನೆ.

"ತಿದ್ದೋಕಲ್ಲ ಕಣೋ, ನೋಡೋಕೆ. ಬೀಗ ಹಾಕಿದ್ಮೇಲೂ ಒಂದ್ಸಲ ಎಳೆದು ನೋಡಲ್ವಾ? ಹಂಗೆ."

ಅವನು ಬೆನ್ನಿನ ಚೀಲವನ್ನು ತೆಗೆದು ನೆಲದ ಮೇಲಿಟ್ಟು ಕೂತ. ಮ್ಯಾನೇಜರು ಓಡಿಬಂದು, "ಕಡೇ ದಿನ ಅಪ್ಪಾ, ಓಡೋ ಗಾಡಿ ಚಕ್ರ ಬಿಚ್ತೀಯಾ?" ಎಂದರು. ತಪ್ಪಿದರೆ ಆ ಸಂಜೆ ಅರ್ಜಿ ತುಂಬುತ್ತಿದ್ದವರೆಲ್ಲರ ಪಾಡು ಬೀದಿಗೆ ಬರುತ್ತಿತ್ತು. ಅದು ಅವನಿಗೂ ಗೊತ್ತಿತ್ತು, ಮೇಜು ಗಡಗಡ ನಡುಗುತ್ತಿದ್ದುದೇ ಸಾಕ್ಷಿ. ನಡುವಣ ಬರಿದಾದ ಪುಟಗಳನ್ನು ಒಂದೊಂದಾಗಿ ಕಿತ್ತ; ಬರೆದ ಉತ್ತರ ಹಿಂದಕ್ಕೆ ಹೋದಾಗಲೂ ಬರೆದಂತೆಯೇ ಕಾಣುವ ಹಾಗೆ ಮಾಡಿದ; ಕಳಿಸಿದ ಮೇಲೂ ಯಾರಾದರೂ ಹಿಂದಕ್ಕೆ ಬಂದರೆ ಒಬ್ಬರು ಇಬ್ಬರಾಗದಂತೆ ಅಲ್ಲೊಂದು ಪುಟವಿಟ್ಟು, "ಸಾರ್, ಇಲ್ಲೊಂದು ಮಾತು ಬರೀರಿ" ಎಂದ. ನಾನು ಸಮಾಸಗಳನ್ನು ಧಾರಾಳವಾಗಿ ಬಳಸಿ ಬರೆದುಕೊಟ್ಟೆ. ಅಕ್ಕ ಓದಿ, "ಇದು ತಲುಪಿದೆ ಅಂತಾನಾ, ತಲುಪಿಲ್ಲ ಅಂತಾನಾ?" ಎಂದರು. 'ನಿಮ್ಮ ಅರ್ಜಿ ತಲುಪಿದೆ. ಮತ್ತೆ ಕಳಿಸಬೇಡಿ' ಎಂಬುದು ಆಕೆಯದೇ ವಾಕ್ಯ.

ಗಡುವಿಗೆ ಇನ್ನೂ ಸ್ವಲ್ಪ ಹೊತ್ತಿದ್ದಾಗ ಅಕ್ಕ ಬಾಣವನ್ನೊತ್ತಿದರು. ಪುಟ ಹಿಂದಕ್ಕೆ ಸರಿಯಿತು, ಅಲ್ಲೇ ನಿಂತಿತು. ನಾವೆಲ್ಲ ಬಾಗಿ ನೋಡಿದೆವು. ಗುರುತು ಬಿದ್ದದ್ದು ಸಂಜೆಯ ಮೇಲೆಯೇ.

"ಸರಿಯಾಗೇ ಇತ್ತಲ್ಲಕ್ಕ!" ಒನ್‌ವೇ ಬಹುತೇಕ ಅಳುವ ದನಿಯಲ್ಲಿ ಕೂಗಿದ. "ಒಂದಕ್ಷರ ಬದಲಾಗ್ಲಿಲ್ಲ!"

"ಇತ್ತು. ಈಗ ಗೊತ್ತಾಯ್ತು" ಎಂದು ಅಕ್ಕ ಮುಂದೆ ಬಂದು, ಕಳಿಸಿ, ಫೋನನ್ನು ಕೈಚೀಲಕ್ಕೆ ಹಾಕಿಕೊಂಡು, ಅರ್ಧಕ್ಕೆ ಬಿಟ್ಟುಬಂದ ಇಸ್ತ್ರಿಗೆ ಹೊರಟುಹೋದರು.

ಒನ್‌ವೇಯಂಥವರು ನಮ್ಮ ನಡುವೆ ಬಹಳ ಮಂದಿ. ಕೇಡು ಬಗೆಯುವವರಲ್ಲ, ಹಿಂದಿರುಗಿ ಬರುವ ಜನರಿಂದ ಒಮ್ಮೆ ನೊಂದು, ಆಮೇಲೆ ಲೋಕದ ಬಾಗಿಲುಗಳಿಗೆಲ್ಲ ಹೊರಗಡೆ ಹಿಡಿಕೆಯನ್ನೇ ಇಡದೆ ಅದನ್ನು ಶಿಸ್ತೆಂದು ಕರೆಯುವವರು. ಕೆಲಸಗಳು ಮುಂದೆ ಸಾಗುವುದು ಇವರ ಚಡಪಡಿಕೆಯಿಂದಲೇ ಎಂಬುದನ್ನು, ಎರಡನೆಯ ಪುಟದಲ್ಲೇ ತೂಕಡಿಸುವ ನನ್ನಂಥವನು ಅಲ್ಲಗಳೆಯಲಾರ. ಆದರೆ ತಾನು ಆರಿಸಿದ್ದೇನೆಂದು ನೋಡಿಕೊಳ್ಳಲಾಗದೆ, ಕಣ್ಣುಮುಚ್ಚಿ 'ಕಳಿಸು' ಒತ್ತಿ, ಬದುಕೆಲ್ಲ ಆ ಅನುಮಾನದಲ್ಲೇ ಕಳೆಯುವವರು ಎಷ್ಟು ಜನವೋ. ದಾರಿ ಕಟ್ಟಿದವನ ಎದುರು ನಿಂತು ಬೈಯಲು ಎಲ್ಲರೂ ಅವನ ಅಕ್ಕಂದಿರಾಗಿರುವುದಿಲ್ಲ.