ಎಂಟು ದಿನ ಕಾದ ರೇಡಿಯೋ

ನಾನು ಒಂದು ವಾಲ್ವ್ ರೇಡಿಯೋ. ಸೋವಿಯತ್ ರಾಜ್ಯದ ರೀಗಾ ಪಟ್ಟಣದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಹೊಳಪು ಬಳಿದ ಮರದ ಮೈ, ಎದೆಗೆ ಕಂದು ಬಟ್ಟೆ. ಮೊದಲು ದನಿ ಬಂದಾಗ ಪರೀಕ್ಷೆ ಮಾಡುತ್ತಿದ್ದ ಹೆಂಗಸು "ಗಂಟಲು ಚೆನ್ನಾಗಿದೆ" ಎಂದು ಬೆನ್ನಿಗೆ ಚೀಟಿ ಅಂಟಿಸಿದಳು. ನನಗೆ ಸ್ವಲ್ಪ ಜಂಬವೂ ಬಂತು.

ಮೊದಲ ಒಡೆಯರು ಉಕ್ರೇನಿನ ಹಳ್ಳಿಯ ಒಬ್ಬ ಮೇಷ್ಟ್ರು. ಅವರು ನನ್ನಿಂದ ಕಾಲ್ಚೆಂಡಿನ ಸುದ್ದಿ ಬಿಟ್ಟು ಬೇರೇನೂ ಕೇಳಲಿಲ್ಲ. ಊರು ಬಿಡುವಾಗ ಒಂದು ಮೂಟೆ ಆಲೂಗಡ್ಡೆ ಪಡೆದು ಪಕ್ಕದ ಮನೆಯ ಪರಾಸ್ಕಳಿಗೆ ನನ್ನನ್ನು ಕೊಟ್ಟುಹೋದರು.

ಪರಾಸ್ಕ ಸರ್ಕಾರಿ ಸಾಮೂಹಿಕ ಜಮೀನಿನ ಕೊಟ್ಟಿಗೆಯಲ್ಲಿ ಹಾಲು ಕರೆಯುವವಳು. ಗಂಡ ಒನುಫ್ರಿ ದೂರದ ಶಿಬಿರದಲ್ಲಿ ಸೆರೆಯಾಗಿದ್ದ. ಮನೆಯಲ್ಲಿ ಹತ್ತು ಜನರನ್ನು ಕೂಡಿಸಿ ಕ್ರಿಸ್ತನ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸಿದ್ದೇ ಅವನ ತಪ್ಪು. ಅವನ ಜೊತೆಗೆ, ಊರಲ್ಲಿದ್ದ ಒಂದೇ ಒಂದು ಧರ್ಮಗ್ರಂಥವನ್ನೂ ಹೊತ್ತೊಯ್ದಿದ್ದರು.

ಬೆಳಗ್ಗೆ ಹತ್ತಕ್ಕೆ, ಹಾಲು ಕರೆದು ಬಂದವಳು ಕದ ಹಾಕಿ ನನ್ನ ಮುಳ್ಳನ್ನು ಹೊರದೇಶದ ಒಂದು ನಿಲಯಕ್ಕೆ ತಿರುಗಿಸುವಳು. ಅಲ್ಲಿ ಒಬ್ಬರು ದೇವರ ವಾಕ್ಯವನ್ನು ಪದ ಪದ ಬಿಡಿಸಿ, ಬರೆದುಕೊಳ್ಳುವವರಿಗೆ ಬಿಡುವು ಕೊಟ್ಟು ಓದುತ್ತಿದ್ದರು. ಯಾರಿಗೂ ಕೇಳಿಸದಿರಲೆಂದು ಸರ್ಕಾರದವರು ಅದರ ಮೇಲೆ ಗರಗಸ ಎಳೆದಂಥ ಸದ್ದು ಬಿಡುತ್ತಿದ್ದರು. ಆ ಸದ್ದಿನ ಸಂದಿಯಿಂದ ನಾನು ಪದಗಳನ್ನು ಹೆಕ್ಕಿ ಕೊಡುವೆ. ಪರಾಸ್ಕ ತೆಳು ಕಾಗದದ ಮೇಲೆ ಇರುವೆಯಂಥ ಅಕ್ಷರದಲ್ಲಿ ಬರೆಯುವಳು. ಓದು ಮುಗಿದ ಕೂಡಲೇ ಮುಳ್ಳು ತಪ್ಪದೆ ಮಾಸ್ಕೋದ ಸರ್ಕಾರಿ ನಿಲಯಕ್ಕೆ ಮರಳುತ್ತಿತ್ತು.

ಒನುಫ್ರಿಯನ್ನು ನೋಡಲು ಅವಳಿಗೆ ಅಪ್ಪಣೆ ಸಿಕ್ಕಿತ್ತು. ವರ್ಷಕ್ಕೆ ಒಂದೇ ಭೇಟಿ. ಯೇಸುವಿನ ಕೊನೆಯ ದಿನಗಳ ಕಥೆಯನ್ನು ಪೂರ್ತಿ ಬರೆದು, ಚಳಿಗೋಟಿನ ಒಳಪದರದಲ್ಲಿ ಹೊಲಿದು ಅವನಿಗೆ ಒಯ್ಯಬೇಕೆಂಬುದು ಅವಳ ಆಸೆ. ಶಿಲುಬೆಯವರೆಗೆ ಬಂದಿತ್ತು, ಪುನರುತ್ಥಾನ ಉಳಿದಿತ್ತು. ಭೇಟಿಗೆ ಹೊರಡಲು ಒಂಬತ್ತೇ ದಿನ ಇರುವಾಗ ನನ್ನೊಳಗಿನ ಗಾಜಿನ ವಾಲ್ವ್ ಸುಟ್ಟು, ನಡು ಓದಿನಲ್ಲೇ ಮೂಕನಾದೆ.

ಮರುದಿನ ಪೇಟೆಯ ರಿಪೇರಿ ಅಂಗಡಿಗೆ ಹೊತ್ತು ತಂದಳು. ಗಾಬರಿಯಲ್ಲಿ ಮುಳ್ಳು ಸರಿಸುವುದನ್ನೇ ಮರೆತಿದ್ದಳು. ರಿಪೇರಿಯ ಜಖಾರ್ ಹೊಸ ವಾಲ್ವ್ ಹಾಕಿ ಗುಂಡಿ ತಿರುಗಿಸಿದಾಗ ಸರಿಯಾಗಿ ಹತ್ತು ಗಂಟೆ. ಪಕ್ಕದಲ್ಲೇ ಸಾಮೂಹಿಕ ಜಮೀನಿನ ಅಧ್ಯಕ್ಷ ತೆರೆಂತಿ, ಕೆಟ್ಟ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ.

"ಮುಂಜಾನೆ… ಅವರು… ನಡೆದು…" ಎಂದೆ ನಾನು.

"ಇವನಿಗೇನಯ್ಯ ಬಂತು? ನಿದ್ದೆಗಣ್ಣಲ್ಲಿ ಸುದ್ದಿ ಓದ್ತಿದ್ದಾನಾ?" ಎಂದ ತೆರೆಂತಿ.

ಪರಾಸ್ಕಳ ಮುಖ ಸುಣ್ಣದಂತಾಯಿತು.

"ವಾಲ್ವ್ ಹೊಸದು, ಅಧ್ಯಕ್ಷರೇ. ಕಾಯೋ ತನಕ ಮಾತು ಹೀಗೇ ಎಳೀತದೆ," ಎನ್ನುತ್ತ ಜಖಾರ್ ಮುಳ್ಳನ್ನು ಮಾಸ್ಕೋಗೆ ತಳ್ಳಿದ. ಆ ವರ್ಷದ ಹಾಲಿನ ಉತ್ಪಾದನೆಯ ಸುದ್ದಿ ಪಟಪಟನೆ ಉದುರಿತು. "ನೋಡಿ, ಕಾಯ್ತು."

"ಹೌದಲ್ಲ! ನನ್ನ ಹೆಂಡ್ತಿಗೂ ಒಂದು ತಣ್ಣಗಿರೋ ವಾಲ್ವ್ ಹಾಕಿಕೊಡಯ್ಯ," ಎಂದು ತೆರೆಂತಿ ನಕ್ಕ.

ಜಖಾರ್ ಪರಾಸ್ಕಳ ಕಡೆ ತಿರುಗಿದ. "ಅಕ್ಕಾ, ಇದು ಹದಕ್ಕೆ ಬರೋಕೆ ಎಂಟು ದಿನ ಬೇಕು. ಬಿಟ್ಟು ಹೋಗು."

"ಎಂಟು ದಿನವೇ! ಅಣ್ಣಾ, ನಂಗೆ ಅಷ್ಟರೊಳಗೆ…"

"ಬಿಟ್ಟು ಹೋಗಕ್ಕಾ."

ಇವನು ದೂರು ಕೊಡುತ್ತಾನೋ ಏನೋ ಎಂಬ ಭಯ ಒಂದು ಕಡೆ, ಬರೆಯದೆ ಉಳಿಯುವ ಮಾತುಗಳ ಸಂಕಟ ಇನ್ನೊಂದು ಕಡೆ. ಬಾಗಿಲು ದಾಟುವಷ್ಟರಲ್ಲಿ ಅವಳು ಮೂರು ಸಲ ತಿರುಗಿ ನನ್ನನ್ನು ನೋಡಿದಳು.

ಎಂಟನೆಯ ದಿನ ನನ್ನನ್ನು ಕೊಡುವಾಗ ಜಖಾರ್, "ಮನೇಲಿ ಬೆನ್ನಿನ ಹಲಗೆ ಬಿಚ್ಚಿ ಧೂಳು ಒರೆಸಕ್ಕಾ" ಎಂದಷ್ಟೇ ಹೇಳಿದ. ಬಿಚ್ಚಿದರೆ ಎಂಟು ದಿನದ ಓದು ಸೊಟ್ಟ ಅಕ್ಷರದಲ್ಲಿ, ಪುನರುತ್ಥಾನದ ಕೊನೆಯ ಸಾಲಿನ ತನಕ! ಪರಾಸ್ಕ ಹಾಳೆಗಳನ್ನು ಕಣ್ಣಿಗೊತ್ತಿಕೊಂಡು ಅತ್ತಳು. ನನಗೆ ಆಶ್ಚರ್ಯವಿರಲಿಲ್ಲ. ಮೊದಲ ದಿನ ಅವರಿಬ್ಬರೂ ಹೊರಟ ಕೂಡಲೇ, ಆಮೇಲೆ ದಿನಾ ಹತ್ತಕ್ಕೆ, ಅವನು ಅಂಗಡಿ ಮುಚ್ಚಿ ನನ್ನ ಮುಂದೆ ಕೂರುತ್ತಿದ್ದ. ಮೊದಲ ದಿನ "ಅಧ್ಯಕ್ಷನ ಕಿವಿಗೆ ಬಿದ್ದಾಯ್ತು, ಇದೀಗ ಅವಳ ಮನೇಲಿ ನುಡಿದ್ರೆ ಅವಳಿಗೂ ಸೆರೆಯೇ" ಎಂದು ಗೊಣಗಿಕೊಂಡೇ ಬರೆದ. ಕೊನೆಯ ದಿನ ಓದು ಮುಗಿದರೂ ಪೆನ್ಸಿಲ್ ಕೆಳಗಿಡಲಿಲ್ಲ.

ಕೋಟು ಶಿಬಿರ ತಲುಪಿತು. ಎರಡು ವರ್ಷದ ಮೇಲೆ ಒನುಫ್ರಿ ಅದನ್ನೇ ತೊಟ್ಟು ಮನೆಗೆ ಬಂದ. ಅವತ್ತಿನ ಪ್ರಾರ್ಥನೆಯ ಹೊತ್ತಿಗೆ ಜಖಾರ್ ಉಪಕರಣದ ಚೀಲ ಹಿಡಿದು ಬಾಗಿಲಲ್ಲಿ ನಿಂತ.

"ಯಾರಪ್ಪ ನೀನು?" ಎಂದ ಒನುಫ್ರಿ.

"ರೇಡಿಯೋ ನೋಡೋಕೆ ಬಂದೆ. ವಾಲ್ವ್ ಹಾಕ್ದೋನು ನಾನೇ."

"ಓ, ನೀನೋ! ಬಾ, ಕೂತ್ಕೊ. ನಿನ್ನ ಸೊಟ್ಟ ಅಕ್ಷರ ಓದೀ ಓದೀ ನನ್ನ ಕಣ್ಣು ಹೋಯ್ತು ಮಾರಾಯ," ಎಂದು ಒನುಫ್ರಿ ಅವನನ್ನು ತಬ್ಬಿಕೊಂಡ. ಆ ದಿನ ನನಗೆ ಯಾವ ಕಾಯಿಲೆಯೂ ಇರಲಿಲ್ಲ.

ಆ ಸರ್ಕಾರ ಹೋಗಿ, ಈಗ ಧರ್ಮಗ್ರಂಥ ಪೇಟೆಯಲ್ಲೇ ಸಿಗುತ್ತದೆ. ನನ್ನ ವಾಲ್ವ್ ಮಾತ್ರ ಎಲ್ಲೂ ಸಿಗುವುದಿಲ್ಲ. ಕಿಟಕಿಯ ಪಕ್ಕದ ಹಲಗೆಯ ಮೇಲೆ ಸುಮ್ಮನೆ ಕೂತಿದ್ದೇನೆ. ಬೇಸರವಿಲ್ಲ. ಅಷ್ಟು ವರ್ಷ ನುಡಿದೆ, ಇನ್ನು ಕೇಳುವ ಸರದಿ. ಭಾನುವಾರ ಎಲ್ಲರೂ ಹಾಡುವಾಗ ಜಖಾರ್ ಶ್ರುತಿ ತಪ್ಪುತ್ತಾನೆ, ಆದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಾನೆ. ಆಗ ನನ್ನ ಎದೆಯ ಬಟ್ಟೆ ಸಣ್ಣಗೆ ನಡುಗುತ್ತದೆ.