ಮಾಚೇನಹಳ್ಳಿ ಬಂತು, ಕೂತಿರಿ

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈ ವಾಯ್ಸ್ ಮೆಸೇಜನ್ನು ಪೂರ್ತಿ ಕೇಳಿ, ಆಮೇಲೆ ಬಾಯಿ ಬಿಡಿ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಶೇಷಪ್ಪನ ಪಕ್ಕದ ಲೇತ್ ಯಂತ್ರದಲ್ಲಿ ನಿಂತವನು ನಾನು. ಅವನ ಹೆಂಡತಿ ಚಿನ್ನಮ್ಮನ ದನಿ ಹೇಗಿತ್ತೆಂದು ನೀವು ನನಗೆ ಹೇಳಿಕೊಡಬೇಕಾಗಿಲ್ಲ. ಒಡಕು ದನಿ. ಬೈದರೂ ಒಂದೇ, ಊಟಕ್ಕೆ ಕರೆದರೂ ಒಂದೇ.

ಸಕ್ಕರೆ ಕಾಯಿಲೆಯಲ್ಲಿ ಶೇಷಪ್ಪನ ಕಣ್ಣು ಹೋದ ಮೇಲೆ ಶಿವಮೊಗ್ಗದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದವಳು ಅವಳೇ. ಸ್ಟಾಪು ಬಂದಾಗಲೆಲ್ಲ ಹೇಳುವಳು: "ಮಾಚೇನಹಳ್ಳಿ ಬಂತು, ಕೂತಿರಿ."

ಮಗಳು ಇಂಪನಾ ಶಿವಮೊಗ್ಗದ ಗೋಪಾಳದ ಒಂದು ಚಿಕ್ಕ ಆಫೀಸಿನಲ್ಲಿ ಆ್ಯಪ್ ಮಾಡುವವಳು. ಕಣ್ಣು ಕಾಣದವರಿಗೆ ಸ್ಟಾಪು ಹೇಳುವ ಆ್ಯಪೊಂದನ್ನು ಮಾಡಿ, ಅಮ್ಮನ ಕೈಲೇ ಅಮ್ಮನ ಫೋನಿನಲ್ಲಿ ಎಲ್ಲ ಸ್ಟಾಪಿನ ಹೆಸರನ್ನೂ ಹೇಳಿಸಿ ರೆಕಾರ್ಡ್ ಮಾಡಿದಳು. ಅಂದು ಆತುರ. ಕೋಡಿನ ಜೊತೆ ಇಡಬೇಕಾದ ದನಿಯನ್ನು, ಆ್ಯಪ್ ತಯಾರಾಗಿ ಬೀಳುವ ಬಿಲ್ಡ್ ಫೋಲ್ಡರಿಗೇ ಹಾಕಿದಳು. ಕೆಲಸ ನಡೆಯಿತು, ಮರೆತಳು. ಯುಗಾದಿಯಾದ ವಾರಕ್ಕೆ ಚಿನ್ನಮ್ಮ ತೀರಿಹೋದಳು. ಅವಳ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಅಪ್ಪನಿಗೆ ಹೊಸದು ತಂದು, ಅದರಲ್ಲಿ ಆ್ಯಪ್ ಹಾಕಿಕೊಟ್ಟಳು. ಆಮೇಲೆ ಶೇಷಪ್ಪ ಕೆಲಸವಿಲ್ಲದಿದ್ದರೂ ನನ್ನನ್ನು ಎಳೆದುಕೊಂಡು ಬಸ್ಸು ಹತ್ತುತ್ತಿದ್ದ.

ಆ ಆಫೀಸಿನಲ್ಲಿ ಒಂದು ಪದ್ಧತಿ, ಇಂಪನಾಳೇ ಆಮೇಲೆ ನನಗೆ ಹೇಳಿದ್ದು. ಕಂಪ್ಯೂಟರಿನ ಡಿಸ್ಕ್ ತುಂಬುತ್ತದೆಂದು ಶುಕ್ರವಾರ ಹೊರಡುವ ಮುಂಚೆ ಎಲ್ಲರೂ ಬಿಲ್ಡ್ ಫೋಲ್ಡರು ಅಳಿಸಬೇಕು. ಇಂಪನಾ ತಿಂಗಳುಗಟ್ಟಲೆ ಅಳಿಸಿರಲಿಲ್ಲ.

"ಅರವತ್ತು ಜಿಬಿ ತಿಂದಿದೆ ಮಾರಾಯ್ತಿ. ಮದುವೆಮನೆ ಪಾತ್ರೆ ಪೇರಿಸ್ದಂಗೆ ಪೇರಿಸಿದೀಯ," ಎಂದ ಜೊತೆಯವನು ಯೋಗರಾಜ್.

"ಅಳಿಸಿದ್ರೆ ಸೋಮವಾರ ಮುಕ್ಕಾಲು ಗಂಟೆ ಕಾಯ್ಬೇಕಲ್ಲೋ."

"ಕಾಯಿ. ಕೋಡಿಂದ ಎಲ್ಲ ಮತ್ತೆ ಹುಟ್ಟುತ್ತೆ."

ಅಳಿಸಿದಳು. ಸೋಮವಾರ ಹೊಸದಾಗಿ ಬಿಲ್ಡ್ ಮಾಡಿ, ಅಪ್ಪನ ಫೋನಿನಲ್ಲಿದ್ದ ಹಳೆಯದರ ಮೇಲೆಯೇ ಹಾಕಿದಳು.

ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಅಪ್ಪ, ಮಗಳು. ಹಿಂದಿನ ಸೀಟಿನಲ್ಲಿ ನಾನು. ಜೇಡಿಕಟ್ಟೆ ದಾಟಿತು. ಮಾಚೇನಹಳ್ಳಿ ದಾಟಿತು.

"ಸೌಂಡ್ ಕಮ್ಮಿ ಮಾಡಿದೀಯೇನಮ್ಮ?" ಎಂದ ಶೇಷಪ್ಪ.

ಇಂಪನಾ ಫೋನು ತೆಗೆದುಕೊಂಡಳು. ಸೌಂಡು ಪೂರ್ತಿ ಇತ್ತು. ಸ್ಟಾಪಿನ ಹೆಸರೂ ಅಕ್ಷರದಲ್ಲಿ ಸರಿಯಾಗಿ ಬರುತ್ತಿತ್ತು. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಹುಡುಕಿದಳು. ಮುಚ್ಚಿದಳು. ಅಳಲಿಲ್ಲ.

"ಅಮ್ಮನ್ ದನಿ ಹೋಯ್ತು ಅಪ್ಪ. ನಾನೇ ಅಳಿಸ್ದೆ."

ಶೇಷಪ್ಪ ಟಿಕೆಟ್ಟನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದ. ಬಸ್ಸು ನಿಂತಿತು.

"ಇದ್ಯಾವ್ದು?"

"ಮಲವಗೊಪ್ಪ," ಎಂದೆ ನಾನು.

"ಕೂತಿರ್ಲಾ?"

"ಕೂತಿರು."

ಚಿನ್ನಮ್ಮ ಈ ವಾಟ್ಸಾಪ್ ಗ್ರೂಪಿಗೆ ದಿನಾ ವಾಯ್ಸ್ ಕಳಿಸುತ್ತಿದ್ದಳು. ಕಾಟವೆಂದು ಬೈದು ಅಳಿಸಿದವರು ನಾವೇ, ನಾನೂ. ಯಾರ ಫೋನಿನಲ್ಲಾದರೂ ಒಂದು ಉಳಿದಿದ್ದೀತು, ಹುಡುಕಿ. ಭದ್ರಾವತಿಯ ನ್ಯೂ ಟೌನಿನವರಿಗೆಲ್ಲ ಇದನ್ನು ಕಳಿಸಿ. ಜಾಗವಿಲ್ಲವೆಂದು ಫೋನು ಖಾಲಿ ಮಾಡಲು ಕೂತವರಿಗೆ ಮೊದಲು ಕಳಿಸಿ.