ಕೊಯ್ಯದ ಹದಿನಾರು ಪುಟ

“ಏಳನೇತ್ತಾಕ ಸಾಲಿ ಬಿಟ್ಟಾಂವ ನೀನು, ಕಾದಂಬರಿ ಬಗ್ಗೆ ನಮಗ ಹೇಳಾಕ ಬಂದೀಯೇನು? ಹೋಗಿ ಮೋಟಾರಿಗೆ ತಂತಿ ಸುತ್ತು, ಹೋಗು!”

ವಾಚನಾಲಯದ ಸಭೆಯಲ್ಲಿ ಹದಿನೈದು ಜನರ ಎದುರು ಮುಳಗುಂದ ಸರ್ ಹೀಗೆ ಅಂದರು. ಎಲ್ಲರೂ ನಕ್ಕರು. ಬೈಸಿಕೊಂಡವನು ಫಕೀರೇಶ. ಅವನ ಕೈಯಲ್ಲಿದ್ದದ್ದು ನಾನು. ನಾನೊಂದು ಕಾದಂಬರಿ. ಆ ನಗು ಕೇಳಿ ನನ್ನ ಹೊಲಿಗೆ ಬಿಚ್ಚಿಹೋಗುವಷ್ಟು ಸಿಟ್ಟು ಬಂತು. ಯಾಕೆಂದರೆ ಆ ಕೋಣೆಯಲ್ಲಿ ನನ್ನನ್ನು ಪೂರ್ತಿ ಓದಿದವನು ಅವನೊಬ್ಬನೇ. ಸುಮ್ಮನೆ ಹೇಳುತ್ತಿಲ್ಲ, ಕೇಳಿ.

ನಾನು ಹುಟ್ಟಿದ್ದು ಮೂವತ್ನಾಲ್ಕು ವರ್ಷದ ಹಿಂದೆ, ಗದುಗಿನ ಒಂದು ಮುದ್ರಣಾಲಯದಲ್ಲಿ. ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಅಚ್ಚು ಹಾಕಿ ಮಡಚಿದರೆ ಒಂದು ಫಾರಂ. ಅಂಥ ಹದಿನೈದು ಫಾರಂ ಸೇರಿಸಿ ಹೊಲಿದರೆ ನಾನು. ಆಮೇಲೆ ಅಂಚು ಕತ್ತರಿಸುತ್ತಾರೆ. ಆಗಲೇ ಮಡಿಕೆ ಬಿಟ್ಟು ಪುಟಗಳು ಬಿಡಿಯಾಗುವುದು. ಮಡಚುವವರಿಗೆ ಅಂದು ಏನು ಅವಸರವಿತ್ತೋ, ನನ್ನ ಹನ್ನೆರಡನೆಯ ಫಾರಂ ತುಸು ಗಿಡ್ಡವಾಯಿತು. ಯಂತ್ರದ ಅಲಗು ಅದನ್ನು ಮುಟ್ಟಲೇ ಇಲ್ಲ. ೧೭೭ರಿಂದ ೧೯೨ರವರೆಗಿನ ಪುಟಗಳು ಬಾಯಿ ಹೊಲಿದ ಚೀಲದಂತೆ ಕೂಡಿಕೊಂಡೇ ಉಳಿದವು. ಬ್ಲೇಡು ಹಾಕದೆ ಓದುವಂತಿರಲಿಲ್ಲ.

ಮೊದಲು ಒಬ್ಬ ವಕೀಲರು ನನ್ನನ್ನು ಕೊಂಡು ಗಾಜಿನ ಕಪಾಟಿನಲ್ಲಿಟ್ಟರು. ಅವರು ತೀರಿಕೊಂಡ ಮೇಲೆ ಸೊಸೆ ರಟ್ಟಿನ ಡಬ್ಬಿಯಲ್ಲಿ ತುಂಬಿ ವಾಚನಾಲಯಕ್ಕೆ ಕೊಟ್ಟಳು. ಅಲ್ಲಿ ತಿಂಗಳ ಮೊದಲ ಭಾನುವಾರ ಓದುಗರು ಸೇರಿ, ಇತ್ತೀಚೆಗೆ ಯಾವ ಕಾದಂಬರಿ ಓದಿದೆವೆಂದು ಹೇಳಿಕೊಳ್ಳುತ್ತಾರೆ. ಅಲ್ಲಿಯ ಪದ್ಧತಿಯೆಂದರೆ, ಮಾತಾಡಿದವರು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ‘ಪೂರ್ತಿ ಓದಿದ್ದೇನೆ’ ಎಂದು ಬರೆದು ಸಹಿ ಹಾಕಬೇಕು.

ನನ್ನ ಮೇಲೆ ಹನ್ನೊಂದು ಸಹಿ ಬಿದ್ದವು. ಹನ್ನೊಂದು! ಒಬ್ಬರೂ ಆ ಮಡಿಕೆ ಕೊಯ್ದಿರಲಿಲ್ಲ.

ನನ್ನ ಕಥೆ ನೀಲವ್ವನದು. ನೇಕಾರರ ಮನೆಯ ಸೊಸೆ. ಅವಳು ಬಾವಿಗೆ ಹಾರಿ ಮನೆತನದ ಮಾನ ಕಾಯ್ದಳೆಂದು ಮುನ್ನುಡಿ ಬರೆದವರು ಹೊಗಳಿದ್ದಾರೆ. ೧೯೩ನೆಯ ಪುಟದಲ್ಲಿ ಊರವರೂ ಹಾಗೇ ಅನ್ನುತ್ತಾರೆ. ಓದುಗರಿಗೆ ಅಷ್ಟು ಸಾಕಾಯಿತು. ಬಟ್ಟೆ ಅಂಗಡಿಯ ಈರಪ್ಪ ನಾಲ್ಕು ದಿನ ನನ್ನ ಮೇಲೆ ಚಹಾದ ಲೋಟ ಇಟ್ಟಿದ್ದ. ಐದನೆಯ ದಿನ ಸಭೆಯಲ್ಲಿ, “ಓದ್ತಾ ಓದ್ತಾ ಅತ್ತಬಿಟ್ಟೆರಿ, ಎಂಥಾ ತ್ಯಾಗರಿ ಆಕೀದು!” ಅಂದ. ನಿವೃತ್ತ ಹೆಡ್‌ಮಾಸ್ತರು ಮುಳಗುಂದ ಸರ್ ಆ ತ್ಯಾಗದ ಬಗ್ಗೆ ಮೂರು ಸಲ ಭಾಷಣ ಮಾಡಿ ಮೂರು ಸಹಿ ಹಾಕಿದ್ದರು. ನಾನು ದಂಗಾಗಿ ಕೇಳುತ್ತಿದ್ದೆ. ಮೈಯೆಲ್ಲ ಅಕ್ಷರವಿದ್ದೂ ಬಾಯಿಲ್ಲ ನನಗೆ.

ಆಮೇಲೆ ಬಂದವನು ಫಕೀರೇಶ. ಮೋಟಾರ್ ವೈಂಡಿಂಗ್ ಅಂಗಡಿಯವನು. ವಾಚನಾಲಯದ ಫ್ಯಾನ್ ರಿಪೇರಿಗೆ ಬಂದವನು ನನ್ನ ಬೆನ್ನ ಮೇಲಿನ ಹೆಸರು ಓದುತ್ತ ನಿಂತ. ಗ್ರಂಥಪಾಲಕಿ ಮಹಾನಂದಾ ಮೇಡಂ ಅವನಿಗೊಂದು ಕಾರ್ಡ್ ಮಾಡಿಕೊಟ್ಟರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ನಿಧಾನಕ್ಕೆ ಓದಿದ. ಮಡಿಕೆ ಸಿಕ್ಕಾಗ, ಮೋಟಾರಿನೊಳಗೆ ಹಾಕುವ ಕಾಗದ ಕತ್ತರಿಸುವ ಬ್ಲೇಡು ತೆಗೆದು ಸರ್ರನೆ ಕೊಯ್ದ. ಮೂವತ್ನಾಲ್ಕು ವರ್ಷದ ಮೇಲೆ ಆ ಪುಟಗಳಿಗೆ ಬೆಳಕು ಬಿತ್ತು.

ಒಂದು ಸಾಲನ್ನು ಎರಡು ಸಲ ಓದಿದ. ನೀಲವ್ವ ಹಾರಿರಲಿಲ್ಲ. ನೀರು ಸೇದಲು ಬಗ್ಗಿದವಳನ್ನು ಮಾವ ದೂಡಿದ್ದ. ಅವಳ ಚಪ್ಪಲಿಗಳನ್ನು ಕಟ್ಟೆಯ ಮೇಲೆ ನೀಟಾಗಿ ಜೋಡಿಸಿಟ್ಟು, ಊರವರನ್ನು ಕೂಗಿದ್ದ.

ಫಕೀರೇಶ ಮನೆಗೆ ಓಡಿಹೋಗಿ ಅವ್ವನಿಗೆ ಅದನ್ನು ಓದಿ ಹೇಳಿದ. ಅವ್ವ ಅವನ ಬಾಯಿಗೆ ಕೈ ಒತ್ತಿದಳು.

“ಸಾಕೋ ತಮ್ಮಾ. ನಿಮ್ಮಕ್ಕ ತಾನಾಗೇ ಹಾರ್ಯಾಳಂತ ಊರೆಲ್ಲಾ ಅಂದೈತಿ. ಈಗ ಯಾಕ ತೆಗೀತಿ ಅದನ್ನ?”

ಆಗ ತಿಳಿಯಿತು ನನಗೆ. ಅವನ ಅಕ್ಕ ಗಂಗವ್ವ ಮದುವೆಯಾದ ನಾಲ್ಕನೆಯ ತಿಂಗಳು ಗಂಡನ ಮನೆಯ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಅದೇ ವರ್ಷ ಅವನು ಶಾಲೆ ಬಿಟ್ಟದ್ದು. “ಒಮ್ಮೆ ಅಂದಬಿಡ್ತೀನಿ ಅವ್ವಾ. ಅಕ್ಕನ ಹೆಸರು ತಗೋಳಾಂಗಿಲ್ಲ. ನಾಕು ಜನರ ಮುಂದ, ಆಕಿ ಹಾರಿಲ್ಲಂತ ಒಮ್ಮೆ ಅಂದಬಿಡ್ತೀನಿ” ಅಂದ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಭಾನುವಾರ ಎದ್ದು ನಿಂತು, ದನಿಯೇರಿಸಿ ಅಂದೇಬಿಟ್ಟ: “ನೀಲವ್ವ ಹಾರಿಲ್ಲರಿ. ಆಕೀನ ದೂಡ್ಯಾರ.” ಆಗ ಬಿದ್ದದ್ದೇ ಮುಳಗುಂದ ಸರ್ ಮಾತು.

ಫಕೀರೇಶ ವಾದಿಸಲಿಲ್ಲ. ೧೭೭ನೆಯ ಪುಟ ತೆರೆದು ನನ್ನನ್ನು ಮೇಜಿನ ಮೇಲಿಟ್ಟ. ಮಹಾನಂದಾ ಮೇಡಂ ಗಟ್ಟಿಯಾಗಿ ಓದತೊಡಗಿದರು. ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ಚಪ್ಪಲಿ ಜೋಡಿಸುವ ಸಾಲಿಗೆ ಬಂದಾಗ ಮೇಡಂ ಓದು ನಿಲ್ಲಿಸಿದರು. ಬ್ಲೇಡಿನ ಗುರುತು ಇನ್ನೂ ಬೆಳ್ಳಗಿದ್ದ ಅಂಚಿನ ಮೇಲೆ ಬೆರಳಾಡಿಸಿದರು.

“ಇವನ್ನ ಈಗ ಕೊಯ್ದಾರ... ಹಂಗಾದ್ರ ನಾವೆಲ್ಲಾ ಏನ ಓದಿದ್ವಿ?”

ಅವರದೂ ಒಂದು ಸಹಿ ಇತ್ತು. ಈರಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮುಳಗುಂದ ಸರ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. “ಇರ್ಲಿ ಬಿಡ್ರಿ. ಕಥೀನ ಅಲ್ಲೇನು? ಹಾರಿದ್ರೇನು, ದೂಡಿದ್ರೇನು, ಸತ್ತಾಕಿ ಸತ್ಲು.” ಆಮೇಲೆ ಅವನ ಕಡೆ ತಿರುಗಿ, ತುಸು ಮೆತ್ತಗೆ ಕೇಳಿದರು: “ಅಲ್ಲಪಾ, ಅದಕ್ಯಾಕ ನಿನಗ ಇಷ್ಟು ಸಿಟ್ಟು?”

ನಾನೀಗ ಹಳದಿಯಾಗಿದ್ದೇನೆ. ಕೆಳಗಿನ ಖಾನೆಯಲ್ಲಿ, ಹಳೆಯ ಪಂಚಾಂಗಗಳ ಪಕ್ಕದಲ್ಲಿ ಬಿದ್ದಿದ್ದೇನೆ. ಆ ಭಾನುವಾರದ ಮೇಲೆ ಯಾರೂ ನನ್ನನ್ನು ಕೇಳಿ ಒಯ್ದಿಲ್ಲ. ಓದದವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಓದಿದ ಮೇಲೂ ಆ ಪ್ರಶ್ನೆ ಕೇಳಿದರಲ್ಲ, ಅದೇ ನನಗೆ ಇಂದಿಗೂ ಅರಗಿಲ್ಲ.

ಆ ಭಾನುವಾರ ಕೊನೆಗೆ ಮೇಡಂ ಪೆನ್ನು ಚಾಚಿ, “ಸಹಿ ಹಾಕಪಾ ತಮ್ಮಾ, ನೀ ಓದೀದಿ” ಅಂದರು. ಫಕೀರೇಶ ಪೆನ್ನು ತೆಗೆದುಕೊಳ್ಳಲಿಲ್ಲ. ಮುಳಗುಂದ ಸರ್ ಮುಖವನ್ನು ಒಂದು ಗಳಿಗೆ ನೋಡಿದ. ತಿರುಗಿ, ಮೆಟ್ಟಿಲಿಳಿದು ಹೋದ.